ವಾಗ್ದಾನವೂ ಮತದಾನವೂ



ಚುನಾವಣೆಯ ಕಾಲ ಮುಗಿದಾಗಲೆಲ್ಲ ಓದು ಬಲ್ಲವರ ಮನೆಯ ಜಗಲಿಗಳಲ್ಲಿ ಒಂದು ಮಾತು ಕೇಳಿಬರುವುದುಂಟು: “ಇದ್ದದ್ದನ್ನು ಇದ್ದಂತೆ ಹೇಳಿದವನಿಗೆ ಠೇವಣಿಯೂ ಉಳಿಯಲಿಲ್ಲ, ಅಂಗೈಯಲ್ಲಿ ವೈಕುಂಠ ತೋರಿಸಿದವನು ಗೆದ್ದು ಬಂದ.” ಈ ಮಾತಿನಲ್ಲಿ ಒಂದು ನಿಟ್ಟುಸಿರಿದೆ, ಆ ನಿಟ್ಟುಸಿರಿನ ಬೆನ್ನಿಗೆ ಸ್ವಲ್ಪ ತಿರಸ್ಕಾರವೂ ಇದೆ. ತಿರಸ್ಕಾರ ಯಾರ ಮೇಲೆ? ಗೆದ್ದವನ ಮೇಲೆ ಅಷ್ಟಾಗಿ ಇಲ್ಲ. ಅವನಿಗೆ ಮತ ಕೊಟ್ಟ ಜನರ ಮೇಲೆ. ಜನಕ್ಕೆ ಸತ್ಯ ಬೇಡ, ಸವಿಮಾತು ಬೇಕು ಎಂದು ತೀರ್ಮಾನ ಕೊಟ್ಟು ನಾವು ಕಾಫಿಯ ಲೋಟವನ್ನು ಕೆಳಗಿಡುತ್ತೇವೆ. ಆ ನಿಟ್ಟುಸಿರಿನಲ್ಲಿ ನ್ಯಾಯವೆಷ್ಟು, ಆ ತಿರಸ್ಕಾರಕ್ಕೆ ಆಧಾರವೆಷ್ಟು ಎಂಬುದನ್ನು ಈ ಕೆಲವು ನಿಮಿಷಗಳಲ್ಲಿ ವಿಚಾರ ಮಾಡೋಣ.

ಪ್ರಶ್ನೆ ಹೊಸದಲ್ಲ. ಗ್ರೀಸಿನ ತತ್ತ್ವಜ್ಞಾನಿಯಾದ ಪ್ಲೇಟೊ ತನ್ನ ‘ಗಾರ್ಜಿಯಸ್’ ಎಂಬ ಸಂವಾದದಲ್ಲಿ ಇದಕ್ಕೊಂದು ದೃಷ್ಟಾಂತವನ್ನು ಕಲ್ಪಿಸಿದ್ದಾನೆ. ಒಂದು ನ್ಯಾಯಸ್ಥಾನವಿದೆ. ಅಲ್ಲಿ ಕುಳಿತಿರುವ ನ್ಯಾಯಾಧೀಶರೆಲ್ಲರೂ ಮಕ್ಕಳು. ಒಬ್ಬ ವೈದ್ಯನ ಮೇಲೆ ಒಬ್ಬ ಬಾಣಸಿಗನು ದೂರು ತಂದಿದ್ದಾನೆ: ಈ ವೈದ್ಯ ನಿಮಗೆ ಕಹಿ ಔಷಧ ಕುಡಿಸುತ್ತಾನೆ, ಗಾಯವನ್ನು ಕೊಯ್ಯುತ್ತಾನೆ, ಸುಡುತ್ತಾನೆ, ಉಪವಾಸ ಹಾಕುತ್ತಾನೆ, ನಾನಾದರೋ ನಿಮಗೆ ಬಗೆಬಗೆಯ ಭಕ್ಷ್ಯಗಳನ್ನು ಉಣಿಸುವವನು, ಎಂದು. ಪಾಪ, ವೈದ್ಯನು ಏನು ಹೇಳಿಯಾನು? “ಮಕ್ಕಳೇ, ಇದೆಲ್ಲವನ್ನೂ ಮಾಡಿದ್ದು ನಿಮ್ಮ ಆರೋಗ್ಯಕ್ಕಾಗಿಯೇ” ಎಂದರೆ ನ್ಯಾಯಸ್ಥಾನದಲ್ಲಿ ಎಂಥ ಗದ್ದಲವೇಳಬಹುದು! ಈ ದೃಷ್ಟಾಂತ ಎಷ್ಟು ಸೊಗಸಾಗಿದೆಯೆಂದರೆ, ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ವಿದ್ಯಾವಂತರು ಇದನ್ನು ತಮ್ಮ ಜೇಬಿನಲ್ಲಿಟ್ಟುಕೊಂಡು ಬಂದಿದ್ದಾರೆ. ಇದರ ತಾತ್ಪರ್ಯ ಸ್ಪಷ್ಟ: ಮತದಾರನು ಮಗು; ಮಗುವಿನಿಂದ ವಿವೇಕವನ್ನು ಬಯಸುವುದೇ ತಪ್ಪು.

ಈ ತಾತ್ಪರ್ಯವನ್ನು ಒಪ್ಪುವ ಮೊದಲು ಒಂದೆರಡು ಸಂಗತಿಗಳನ್ನು ಪರೀಕ್ಷಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಹೇಳುವ ಕಾರಣ ಅವಿದ್ಯೆ. ಹಳ್ಳಿಯವರು, ಬಡವರು, ಅಕ್ಷರ ಬಾರದವರು. ಆದ್ದರಿಂದ ಮೋಸ ಹೋಗುತ್ತಾರೆ ಎನ್ನುತ್ತೇವೆ. ಹಾಗಾದರೆ ಅಥೆನ್ಸಿನ ಪ್ರಜೆಗಳ ವಿಷಯವೇನು? ನಾಟಕ, ಶಿಲ್ಪ, ತತ್ತ್ವಚರ್ಚೆಗಳ ನಡುವೆ ಬೆಳೆದ ಜನ ಅವರು. ಕ್ರಿಸ್ತಪೂರ್ವ 415ರಲ್ಲಿ ಸಿಸಿಲಿ ದ್ವೀಪದ ಮೇಲೆ ದಂಡೆತ್ತಿ ಹೋಗಬೇಕೆ ಬೇಡವೆ ಎಂಬ ಪ್ರಶ್ನೆ ಅವರ ಸಭೆಯ ಮುಂದೆ ಬಂದಿತು. ಸಹಾಯ ಬೇಡಿ ಬಂದ ಎಗೆಸ್ಟ ಪಟ್ಟಣದವರು ಅರುವತ್ತು ಟ್ಯಾಲೆಂಟು ಬೆಳ್ಳಿಯನ್ನು ಮುಂದಿಟ್ಟು, ತಮ್ಮ ದೇವಾಲಯಗಳಲ್ಲಿ ಇನ್ನೂ ಬೇಕಾದಷ್ಟಿದೆ ಎಂದರು. ಆಲ್ಸಿಬಯಡೀಸ್ ಎಂಬ ತರುಣ ಮುಖಂಡನು ಜಯ ಸುಲಭವೆಂದು ಹೇಳಿದನು. ನಿಕಿಯಾಸ್ ಎಂಬ ಹಿರಿಯ ಸೇನಾನಿ ಇದು ಬೇಡವೆಂದನು. ಮಾತು ನಡೆಯದಿರಲು, ಖರ್ಚಿನ ಭಾರವನ್ನು ತೋರಿಸಿದರೆ ಜನ ಹಿಂಜರಿದಾರೆಂದು ಬಗೆದು, ಹೋಗುವುದಾದರೆ ನೂರಕ್ಕೆ ಕಡಮೆಯಿಲ್ಲದಷ್ಟು ಹಡಗುಗಳೂ ಸಹಸ್ರಾರು ಸೈನಿಕರೂ ಬೇಕೆಂದು ಲೆಕ್ಕ ಹೇಳಿದನು. ಆದದ್ದೇನು? ಜನರ ಉತ್ಸಾಹ ಇಮ್ಮಡಿಯಾಯಿತು. ಇಷ್ಟು ದೊಡ್ಡ ಸೇನೆ ಹೋದರೆ ಗೆಲುವು ಖಂಡಿತ ಎಂದುಕೊಂಡು, ಕೇಳಿದ್ದೆಲ್ಲವನ್ನೂ ಮಂಜೂರು ಮಾಡಿದರು. ಮನಸ್ಸಿನಲ್ಲಿ ಒಪ್ಪದವರು ದೇಶದ್ರೋಹಿಗಳೆನಿಸಿಕೊಳ್ಳುವ ಭಯದಿಂದ ಸುಮ್ಮನಿದ್ದರು. ಅಲ್ಲಿಗೆ ಹೋಗಿ ನೋಡಿದರೆ ಎಗೆಸ್ಟದವರ ಬಳಿ ಉಳಿದಿದ್ದದ್ದು ಮೂವತ್ತೇ ಟ್ಯಾಲೆಂಟು. 413ರಲ್ಲಿ ಆ ಸೇನೆ ಪೂರ್ಣವಾಗಿ ನಾಶವಾಯಿತು. ಸುದ್ದಿ ಮುಟ್ಟಿದಾಗ ಅಥೆನ್ಸಿನವರು ತಮಗೆ ಉಪದೇಶಿಸಿದ ಭಾಷಣಕಾರರ ಮೇಲೆ ಹರಿಹಾಯ್ದರು. ಮತ ಕೊಟ್ಟವರು ತಾವೇ ಎಂಬುದನ್ನು ಮರೆತವರಂತೆ, ಎಂದು ಇತಿಹಾಸಕಾರ ಥೂಸಿಡಿಡೀಸ್ ಬರೆದಿಟ್ಟಿದ್ದಾನೆ.

ಅದು ಪುರಾತನ ಕಾಲದ ಮಾತೆಂದರೆ, ಅಮೆರಿಕದ ಕಡೆ ನೋಡೋಣ. 1984ರ ಅಧ್ಯಕ್ಷ ಚುನಾವಣೆಯಲ್ಲಿ ವಾಲ್ಟರ್ ಮಾಂಡೇಲ್ ಎಂಬವರು ರೊನಾಲ್ಡ್ ರೇಗನ್ನರ ಎದುರು ನಿಂತಿದ್ದರು. ಸರ್ಕಾರದ ಆಯವ್ಯಯದಲ್ಲಿ ಕೊರತೆ ಹಿಂದೆಂದೂ ಕಾಣದಷ್ಟು ಬೆಳೆದಿತ್ತು. ಮಾಂಡೇಲ್ ತಮ್ಮ ಪಕ್ಷದ ಸಮ್ಮೇಳನದಲ್ಲಿ ನಿಂತು, ಯಾರು ಗೆದ್ದರೂ ತೆರಿಗೆ ಏರುವುದು ತಪ್ಪದು. ಎದುರಾಳಿ ಅದನ್ನು ಹೇಳುವುದಿಲ್ಲ, ನಾನು ಹೇಳಿಬಿಟ್ಟಿದ್ದೇನೆ ಎಂಬರ್ಥದ ಮಾತನ್ನಾಡಿದರು. ಐವತ್ತು ಸಂಸ್ಥಾನಗಳಲ್ಲಿ ನಲವತ್ತೊಂಬತ್ತನ್ನು ಸೋತರು. ಅವರಿಗೆ ಉಳಿದದ್ದು ತಮ್ಮ ಸ್ವಂತ ಮಿನ್ನೆಸೋಟ ಮತ್ತು ರಾಜಧಾನಿಯ ವಾಷಿಂಗ್ಟನ್ ಮಾತ್ರ. ಆಗ ಆ ದೇಶದ ಆರ್ಥಿಕ ಸ್ಥಿತಿ ಚೇತರಿಸಿಕೊಳ್ಳುತ್ತಿದ್ದುದೂ ಸೋಲಿಗೆ ದೊಡ್ಡ ಕಾರಣ ಎಂಬುದನ್ನು ಹೇಳದಿದ್ದರೆ ನ್ಯಾಯವಾಗದು. ಆದರೂ ಆ ಮಾತಿನಿಂದ ಅವರಿಗೆ ಒದಗಿದ ಹಾನಿಯನ್ನು ಅಲ್ಲಿನ ರಾಜಕಾರಣಿಗಳು ಮರೆಯಲಿಲ್ಲ. ನಾಲ್ಕು ವರ್ಷಗಳ ಅನಂತರ, 1988ರಲ್ಲಿ, ಜಾರ್ಜ್ ಬುಷ್ ಅವರು ಹೊಸ ತೆರಿಗೆಯನ್ನೇ ಹಾಕುವುದಿಲ್ಲವೆಂದು ಖಂಡತುಂಡವಾಗಿ ಮಾತುಕೊಟ್ಟು ಗೆದ್ದರು, 1990ರಲ್ಲಿ ಕೊರತೆಯನ್ನು ತುಂಬಲು ತೆರಿಗೆಯೇರಿಕೆಗೆ ಒಪ್ಪಬೇಕಾಯಿತು, 1992ರಲ್ಲಿ ಸೋತರು. ಈ ಮತದಾರರಲ್ಲಿ ಬಹುಪಾಲು ಓದು ಬರಹ ಬಲ್ಲವರು, ದಿನಪತ್ರಿಕೆ ಓದುವವರು, ಬ್ಯಾಂಕಿನಲ್ಲಿ ಲೆಕ್ಕವಿಟ್ಟವರು. ಆದುದರಿಂದ ಅವಿದ್ಯೆಯೊಂದೇ ಕಾರಣವೆಂಬ ವಾದ ನಿಲ್ಲಲಾರದು. ಬಡವನಿಗೆ ಅಕ್ಕಿಯ ವಾಗ್ದಾನ ಸಿಹಿಯಾದಂತೆ, ಉಳ್ಳವನಿಗೆ ತೆರಿಗೆಯಿಳಿತದ ವಾಗ್ದಾನವೂ ಸಿಹಿಯೇ. ಒಂದನ್ನು ಆಸೆಬುರುಕತನವೆಂದೂ, ಮತ್ತೊಂದನ್ನು ಅರ್ಥನೀತಿಯೆಂದೂ ಕರೆಯುವ ಸ್ವಾತಂತ್ರ್ಯ ನಮಗುಂಟು, ಅಷ್ಟೆ.

ಹಾಗಾದರೆ ನಿಜವಾದ ಕಾರಣಗಳಾವುವು? ಮುಖ್ಯವಾಗಿ ಮೂರು ಎಂದು ನಮಗೆ ತೋರುತ್ತದೆ.

ಮೊದಲನೆಯದನ್ನು ಸಂತೆಯಲ್ಲಿ ಕಾಣಬಹುದು. ಚೌಕಾಶಿ ನಡೆಯುವ ಸಂತೆಗೆ ಹೋದ ಗೃಹಿಣಿಯನ್ನು ನೋಡಿ. ಸೀರೆಯವನು ಮುನ್ನೂರು ಎಂದರೆ ಆಕೆ ಅದನ್ನು ನಂಬುವುದಿಲ್ಲ. ನೂರೈವತ್ತಕ್ಕೆ ಕೊಡುತ್ತಾನೆಂದು ಮನಸ್ಸಿನಲ್ಲಿಯೇ ಇಳಿಸಿಕೊಳ್ಳುತ್ತಾಳೆ. ಅದೇ ಸಂತೆಯಲ್ಲಿ ಒಬ್ಬನು ಇದರ ಬೆಲೆ ನೂರೈವತ್ತು, ಒಂದು ಕಾಸೂ ಕಡಮೆಯಿಲ್ಲ ಎಂದು ನಿಜವನ್ನೇ ನುಡಿದರೆ, ಆಕೆ ಅವನ ಮಾತನ್ನೂ ಅರ್ಧಕ್ಕಿಳಿಸಿ ಎಪ್ಪತ್ತೈದಕ್ಕೆ ಕೇಳುತ್ತಾಳೆ. ಅವನು ಒಪ್ಪದಿರಲು ಮುಂದಿನ ಅಂಗಡಿಗೆ ಹೋಗುತ್ತಾಳೆ. ಇದು ಆಕೆಯ ಮೂರ್ಖತನವಲ್ಲ. ಆ ಸಂತೆಯ ಅನುಭವ ಕಲಿಸಿದ ಜಾಣ್ಮೆ. ಚುನಾವಣೆಯ ಮಾತಿಗೂ ಇದೇ ಗತಿ. ಹತ್ತು ಹೇಳಿದವನು ಮೂರು ಮಾಡಿಯಾನು ಎಂದು ಮತದಾರನಿಗೆ ಗೊತ್ತು. ಮೂರೇ ಮಾಡಬಲ್ಲೆನೆಂದು ಹೇಳಿದ ಪ್ರಾಮಾಣಿಕನು ಅದೇ ಲೆಕ್ಕದಲ್ಲಿ ಒಂದಕ್ಕೆ ಇಳಿದುಬಿಡುತ್ತಾನೆ. ಆಗ ಮತದಾರನು ಹೆಚ್ಚು ಹೇಳಿದವನನ್ನೇ ಆರಿಸಿದರೆ, ಅವನನ್ನು ನಂಬಿದನೆಂದು ಅರ್ಥವಲ್ಲ. ಯಾರನ್ನೂ ನಂಬಲಿಲ್ಲವೆಂದು ಅರ್ಥ. ನಮ್ಮ ಪಟ್ಟಣಗಳಲ್ಲಿ ‘ಒಂದೇ ದರ’ ಎಂದು ಹಲಗೆ ತಗುಲಿಹಾಕಿದ ಅಂಗಡಿಗಳೂ ಬದುಕಿವೆ. ಆದರೆ ಹಲಗೆಯಿಂದಲೇ ಅವುಗಳಿಗೆ ಹೆಸರು ಬರಲಿಲ್ಲ. ವರ್ಷಗಟ್ಟಲೆ ಯಾರು ಬಂದರೂ ಅದೇ ಬೆಲೆಗೆ ಮಾರಿದ ಮೇಲೆ ಬಂದಿತು.

ಎರಡನೆಯ ಕಾರಣ, ಲಾಭವು ಕಣ್ಣಿಗೆ ಕಾಣುವ ಬಗೆಗೂ ನಷ್ಟವು ಕಾಣುವ ಬಗೆಗೂ ಇರುವ ಅಂತರ. ವಾಗ್ದಾನದ ಲಾಭ ನಾಳೆಯೇ ಬರುವಂಥದು, ನನ್ನ ಮನೆಗೇ ಬರುವಂಥದು. ಅದರ ವೆಚ್ಚವಾದರೋ ಮುಂದೆ ಎಂದೋ, ಎಲ್ಲರ ತಲೆಯ ಮೇಲೂ ಸ್ವಲ್ಪ ಸ್ವಲ್ಪವಾಗಿ ಬೀಳತಕ್ಕದ್ದು. ಸಾಲ ಮಾಡಿ ಖರ್ಚು ನಡೆಸಿದರಂತೂ ಅದನ್ನು ತೀರಿಸಬೇಕಾದವರಲ್ಲಿ ಹಲವರು ಇನ್ನೂ ಹುಟ್ಟಿಯೇ ಇರುವುದಿಲ್ಲ. ಅವರಿಗೆ ಮತವೂ ಇಲ್ಲ. ಮನೆಯ ಯಜಮಾನನು ಮದುವೆಗೆ ಸಾಲ ಮಾಡುವಾಗ ಸಾಹುಕಾರನ ಮುಖ ಎದುರಿಗಿರುತ್ತದೆ. ಸರ್ಕಾರ ಸಾಲ ಮಾಡುವಾಗ ಪ್ರಜೆಗೆ ಯಾವ ಮುಖವೂ ಕಾಣುವುದಿಲ್ಲ. ಕಾಣದ ಹೊರೆಯನ್ನು ಕುರಿತು ಮಾತನಾಡುವವನು, ಕಾಣುವ ವಸ್ತುವನ್ನು ಹಿಡಿದು ನಿಂತವನ ಎದುರು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ.

ಈ ಎರಡು ಕಾರಣಗಳೂ ನಿಜವೇ. ಆದರೆ ಮೂರನೆಯದು ಇವೆರಡಕ್ಕಿಂತ ಆಳವಾದದ್ದು. ಅದನ್ನು ಹೇಳುವುದೇ ಈ ಭಾಷಣದ ಮುಖ್ಯ ಉದ್ದೇಶ. ವಾಗ್ದಾನ ಮಾಡುವವನೂ ಲೆಕ್ಕ ಹೇಳುವವನೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಲೆಕ್ಕ ಹೇಳುವವನು ‘ಬೊಕ್ಕಸದಲ್ಲಿ ಏನಿದೆ’ ಎಂಬ ಪ್ರಶ್ನೆಗೆ ಉತ್ತರಿಸುತ್ತಾನೆ. ಮತದಾರನು ಕೇಳುತ್ತಿರುವುದಾದರೋ ‘ನನ್ನ ಕಷ್ಟ ನಿನಗೆ ಗೊತ್ತೇ? ನೀನು ಯಾರ ಪಕ್ಷ?’ ಎಂದು. ವಾಗ್ದಾನವು ಸುಳ್ಳಿರಬಹುದು, ಆದರೆ ಅದು ಈ ಎರಡನೆಯ ಪ್ರಶ್ನೆಗೆ ಕೊಟ್ಟ ಉತ್ತರ. ಎರಡು ಉದಾಹರಣೆಗಳಿಂದ ಇದು ವಿಶದವಾಗುತ್ತದೆ.

1967ರಲ್ಲಿ ನಮ್ಮ ನೆರೆಯ ಮದರಾಸು ರಾಜ್ಯದಲ್ಲಿ ನಡೆದದ್ದು ಒಂದು. ಅದಕ್ಕೆ ಹಿಂದಿನ ಎರಡು ವರ್ಷಗಳಿಂದ ದೇಶದಲ್ಲೆಲ್ಲ ಮಳೆ ತಪ್ಪಿ ಧಾನ್ಯಕ್ಕೆ ಅಭಾವ. ಅಕ್ಕಿಯ ಬೆಲೆ ಏರಿತ್ತು. ಅಣ್ಣಾದುರೈ ಅವರ ಪಕ್ಷವು ರೂಪಾಯಿಗೆ ಮೂರು ಪಡಿ ಅಕ್ಕಿ ಎಂದು ಸಾರಿತು. ಅದು ಅಸಾಧ್ಯವೆಂದು ಕಾಂಗ್ರೆಸ್ಸಿನವರು ಹೇಳಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಚುನಾವಣೆಯಲ್ಲಿ ಮುಖ್ಯಮಂತ್ರಿ ಭಕ್ತವತ್ಸಲಂ ಅವರೂ ಸೋತರು, ಕಾಮರಾಜರಂಥ ಜನನಾಯಕರೂ ತಮ್ಮ ಸ್ವಂತ ಊರಾದ ವಿರುದುನಗರದಲ್ಲಿ ಸೋತರು. ಗೆದ್ದವರು ಅಧಿಕಾರಕ್ಕೆ ಬಂದ ಮೇಲೆ ಮೂರು ಪಡಿ ಗುರಿ, ಒಂದು ಪಡಿ ಖಂಡಿತ ಎಂಬ ಮಾತಿಗೆ ಇಳಿದರು. ಆ ಒಂದು ಪಡಿಯೂ ಮದರಾಸು, ಕೊಯಮತ್ತೂರು ಪಟ್ಟಣಗಳಲ್ಲಿ ಮಾತ್ರ ಆರಂಭವಾಯಿತು. ಬೊಕ್ಕಸ ತಾಳದೆ ಆ ಯೋಜನೆ ಹೆಚ್ಚು ಕಾಲ ನಿಲ್ಲಲಿಲ್ಲ. ಮಾತು ತಪ್ಪಿದವರನ್ನು ಜನ ಶಿಕ್ಷಿಸಿದರೆ? ಇಲ್ಲ. 1971ರಲ್ಲಿ ಅದೇ ಪಕ್ಷವು 234 ಸ್ಥಾನಗಳಲ್ಲಿ 184ನ್ನು ಗೆದ್ದಿತು. ಹಿಂದಿಯ ಪ್ರಶ್ನೆಯೇ ಮೊದಲಾದ ಬೇರೆ ಕಾರಣಗಳೂ ಅಲ್ಲಿ ಬಲವಾಗಿದ್ದುವು. ಆದರೂ ಒಂದು ಅಂಶವನ್ನು ಗಮನಿಸಬೇಕು. ಅಕ್ಕಿಯ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವನಿಗೆ ಮೂರು ಪಡಿ ಎಂಬುದು ಒಂದು ಅಂಕಿಯಷ್ಟೇ ಆಗಿರಲಿಲ್ಲ. ನಿನ್ನ ಒಲೆ ಉರಿಯುತ್ತಿಲ್ಲವೆಂಬುದು ನಮಗೆ ಗೊತ್ತು ಎಂಬ ಸಂದೇಶವಾಗಿತ್ತು. ಅಸಾಧ್ಯ ಎಂದವರ ಮಾತಿನಲ್ಲಿ ಲೆಕ್ಕ ಸರಿಯಾಗಿತ್ತು. ಒಲೆಯ ಪ್ರಸ್ತಾಪ ಕೇಳಿಸಲಿಲ್ಲ.

ಇನ್ನೊಂದು ಉದಾಹರಣೆ ಜರ್ಮನಿಯದು. 1990ರಲ್ಲಿ ಆ ದೇಶದ ಪೂರ್ವ ಪಶ್ಚಿಮ ಭಾಗಗಳು ಒಂದಾಗುವ ಸಮಯ. ಪ್ರಧಾನಿ ಹೆಲ್ಮುಟ್ ಕೋಲ್ ಅವರು ಪೂರ್ವದ ಪ್ರಾಂತಗಳು ಬೇಗನೆ ಹೂ ಬಿಟ್ಟ ನಾಡುಗಳಾಗುವುವೆಂದೂ, ಈ ಕೂಡುವಿಕೆಗಾಗಿ ತೆರಿಗೆ ಏರಿಸಬೇಕಾಗಿಲ್ಲವೆಂದೂ ಭರವಸೆ ಕೊಟ್ಟರು. ಎದುರಾಳಿಯಾದ ಆಸ್ಕರ್ ಲಾಫೊಂಟೇನ್ ಅವರು ಖರ್ಚು ಅಪಾರವಾಗುವುದು, ಕಾರ್ಖಾನೆಗಳು ಮುಚ್ಚುವುವು, ನಿರುದ್ಯೋಗ ಹೆಚ್ಚುವುದು ಎಂದು ಎಚ್ಚರಿಸಿದರು. ಡಿಸೆಂಬರ್ 2ರಂದು ನಡೆದ ಚುನಾವಣೆಯಲ್ಲಿ ಕೋಲ್ ಅವರ ಪಕ್ಷಗಳಿಗೆ ನೂರಕ್ಕೆ 43.8, ಲಾಫೊಂಟೇನರ ಪಕ್ಷಕ್ಕೆ 33.5 ಮತಗಳು ಬಂದುವು. ಮರುವರ್ಷ, 1991ರಲ್ಲಿಯೇ, ‘ಐಕಮತ್ಯದ ತೆರಿಗೆ’ ಎಂಬ ಹೆಸರಿನಲ್ಲಿ ಅಧಿಕ ತೆರಿಗೆ ಜಾರಿಗೆ ಬಂದಿತು. ಪೂರ್ವದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ಹೆಚ್ಚಿನ ಪ್ರಜೆಗಳು ಆ ತೆರಿಗೆಯಿಂದ ಬಿಡುಗಡೆ ಹೊಂದಿದ್ದು 2021ರಲ್ಲಿ. ಲೆಕ್ಕದ ಮಟ್ಟಿಗೆ ಲಾಫೊಂಟೇನರು ಹೇಳಿದ್ದು ನಿಜವಾಯಿತು. ಅವರು ಸೋತದ್ದೇಕೆ? ನಲವತ್ತು ವರ್ಷ ಬೇರೆಯಾಗಿದ್ದ ಅಣ್ಣತಮ್ಮಂದಿರು ಕೂಡುವ ದಿನ ಅವರು ಖರ್ಚಿನ ಪಟ್ಟಿಯನ್ನು ಓದಿದರು. ಪೂರ್ವದ ಜನಕ್ಕೆ ಕೇಳಿಸಿದ್ದು ‘ನೀವು ನಮಗೆ ಹೊರೆ’ ಎಂಬ ಮಾತು. ಮನೆಗೆ ಬಂದ ನೆಂಟನ ಮುಂದೆ ಅಕ್ಕಿಯ ಡಬ್ಬಿ ಅಳೆದಂತಾಯಿತು. ಡಬ್ಬಿಯಲ್ಲಿ ಅಕ್ಕಿ ಕಡಮೆಯಿದ್ದುದು ನಿಜವೇ. ಆದರೂ ನೆಂಟನು ಊಟ ಮಾಡದೆ ಎದ್ದು ಹೋಗುತ್ತಾನೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದು ಮೊದಲೇ ತಿಳಿಯುವ ವಿಷಯವೆ? ಯಾವಾಗಲೂ ಅಲ್ಲ. 1950ರಲ್ಲಿ ಇಂಗ್ಲೆಂಡಿನ ಕನ್ಸರ್ವೆಟಿವ್ ಪಕ್ಷವು ವರ್ಷಕ್ಕೆ ಮೂರು ಲಕ್ಷ ಮನೆಗಳನ್ನು ಕಟ್ಟಿಸುವುದಾಗಿ ಮಾತುಕೊಟ್ಟಿತು. ಅದು ಆಗದ ಕೆಲಸವೆಂದು ತಿಳಿದವರನೇಕರು ನಕ್ಕರು. ಹೆರಾಲ್ಡ್ ಮ್ಯಾಕ್‌ಮಿಲನ್ ಅವರ ಆಡಳಿತದಲ್ಲಿ 1953ರ ವೇಳೆಗೆ ಆ ಸಂಖ್ಯೆಯನ್ನು ದಾಟಿದರು. ಮನೆಗಳ ಅಳತೆಯನ್ನು ಸ್ವಲ್ಪ ಕಿರಿದು ಮಾಡಿದರೆಂಬುದನ್ನೂ ಸೇರಿಸಿ ಹೇಳಬೇಕು. ದೊಡ್ಡ ಮಾತೆಲ್ಲವೂ ಪೊಳ್ಳು ಎಂದು ತಳ್ಳಿಹಾಕುವ ಜಾಣರು ಎಷ್ಟೋ ಸಲ ತಮ್ಮ ಜಡತೆಯನ್ನೇ ವಾಸ್ತವಿಕತೆಯೆಂದು ಹೇಳಿಕೊಳ್ಳುತ್ತಾರೆ. ಆದುದರಿಂದ ವಾಗ್ದಾನವು ದೊಡ್ಡದೆಂಬುದು ದೋಷವಲ್ಲ. ದಾರಿಯನ್ನು ಹೇಳದ ವಾಗ್ದಾನ ದೋಷ.

ಇನ್ನು, ಕಹಿಯಾದ ಸತ್ಯವನ್ನು ಜನ ಎಂದಿಗೂ ಸಹಿಸಲಾರರು ಎಂಬ ನಿರಾಶೆಯೂ ಪೂರ್ತಿ ಸರಿಯಲ್ಲ. ಇದಕ್ಕೂ ಇಂಗ್ಲೆಂಡೇ ಸಾಕ್ಷಿ. 1945ರಲ್ಲಿ ಆಟ್ಲಿಯವರ ಲೇಬರ್ ಸರ್ಕಾರ ಅಧಿಕಾರಕ್ಕೆ ಬಂದಾಗ ಯುದ್ಧದಿಂದ ದೇಶ ಬರಿದಾಗಿತ್ತು. ಯುದ್ಧಕಾಲದಲ್ಲಿಯೂ ಇಲ್ಲದಿದ್ದ ರೊಟ್ಟಿಯ ಪಡಿತರವನ್ನು 1946ರ ಜುಲೈಯಿಂದ ಎರಡು ವರ್ಷ ಕಾಲ ಆ ಸರ್ಕಾರ ಜಾರಿಗೆ ತರಬೇಕಾಯಿತು. 1942ರಲ್ಲಿ ಸಂಧಾನಕ್ಕಾಗಿ ಭಾರತಕ್ಕೆ ಬಂದಿದ್ದ ಸರ್ ಸ್ಟಾಫರ್ಡ್ ಕ್ರಿಪ್ಸ್ ಅವರೇ 1947ರಿಂದ ಅಲ್ಲಿನ ಅರ್ಥಸಚಿವರು. ಮೈಮುರಿದು ದುಡಿಯಿರಿ, ಕಡಮೆ ಬಳಸಿರಿ ಎಂಬುದೇ ಅವರ ಉಪದೇಶ. ಆರು ವರ್ಷ ಇಂಥ ಪಥ್ಯವನ್ನು ಅನುಭವಿಸಿದ ಜನ ಏನು ಮಾಡಿದರು? 1945ರಲ್ಲಿ ಆ ಪಕ್ಷಕ್ಕೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಮತ ಬಂದಿದ್ದರೆ, 1951ರಲ್ಲಿ ಸುಮಾರು ಒಂದು ಕೋಟಿ ಮೂವತ್ತೊಂಬತ್ತು ಲಕ್ಷ ಬಂದಿತು. ಒಟ್ಟು ಮತ ಹಾಕಿದವರ ಸಂಖ್ಯೆಯೂ ಹೆಚ್ಚಾಗಿತ್ತು, ನಿಜ. ಆದರೂ ಗೆದ್ದ ಕನ್ಸರ್ವೆಟಿವ್ ಪಕ್ಷಕ್ಕಿಂತ ಅವರಿಗೆ ಮತಗಳು ಹೆಚ್ಚೇ ಇದ್ದುವು. ಸ್ಥಾನಗಳ ಹಂಚಿಕೆಯಲ್ಲಿ 321ಕ್ಕೆ 295 ಆಗಿ ಅಧಿಕಾರ ಕಳೆದುಕೊಂಡರು.

ಈ ಪಥ್ಯವನ್ನು ಜನ ಸಹಿಸಿದ್ದೇಕೆ? ಮೂರು ಸಂಗತಿಗಳು ಕಾಣುತ್ತವೆ. ಪಡಿತರದ ಚೀಟಿ ಎಲ್ಲರಿಗೂ ಇತ್ತು. ದೊರೆಯ ಅರಮನೆಗೂ ಇತ್ತು. ಮಿತವ್ಯಯವನ್ನು ಬೋಧಿಸಿದ ಕ್ರಿಪ್ಸರು ಮಾಂಸ ಮದ್ಯಗಳನ್ನು ಬಿಟ್ಟು ತಾವೂ ಮಿತವಾಗಿ ಬದುಕಿದವರೆಂದು ಹೆಸರಾಗಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಕಷ್ಟದ ನಡುವೆಯೇ ಒಂದು ದೊಡ್ಡ ಮಾತು ನಡೆದಿತ್ತು: 1948ರ ಜುಲೈ 5ರಿಂದ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆ ಆರಂಭವಾಗಿ, ಬಡವನೂ ಹಣ ಕೊಡದೆ ವೈದ್ಯನ ಬಾಗಿಲಿಗೆ ಹೋಗುವಂತಾಯಿತು. ಹೊರೆ ಎಲ್ಲರ ಹೆಗಲ ಮೇಲೂ ಸಮವಾಗಿದೆ, ಹೊರಿಸಿದವನೂ ಹೊರುತ್ತಿದ್ದಾನೆ, ಹೊತ್ತದ್ದಕ್ಕೆ ಫಲವೊಂದು ಕೈಗೆ ಬಂದಿದೆ ಎಂದು ತಿಳಿದಾಗ ಸಾಮಾನ್ಯ ಮನುಷ್ಯನು ತೋರುವ ತಾಳ್ಮೆ ಆಶ್ಚರ್ಯಕರವಾದದ್ದು.

ನಮ್ಮ ಮೈಸೂರಿನ ಚರಿತ್ರೆಯಲ್ಲಿಯೂ ಈ ವಿಷಯಕ್ಕೆ ಸಂಬಂಧಿಸಿದ ಒಂದು ಘಟ್ಟವಿದೆ. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಮೊಟ್ಟಮೊದಲು ಸೇರಿಸಿ, 144 ಮಂದಿ ಪ್ರತಿನಿಧಿಗಳ ಮುಂದೆ ಸಂಸ್ಥಾನದ ಸ್ಥಿತಿಗತಿಯನ್ನೂ ಹಣಕಾಸನ್ನೂ ಇಟ್ಟರು. 1876ರಿಂದ 78ರ ವರೆಗಿನ ಘೋರ ಕ್ಷಾಮದ ಪೆಟ್ಟಿನಿಂದ ನಾಡು ಇನ್ನೂ ಎದ್ದಿರಲಿಲ್ಲ. ಆ ಸಂಪ್ರದಾಯವನ್ನು ಮುಂದಿನ ದಿವಾನರೂ ನಡೆಸಿಕೊಂಡು ಬಂದರು. ಇದು ನಾವು ಹೆಮ್ಮೆಪಡತಕ್ಕ ಸಂಗತಿಯೇ. ಆದರೆ ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು. ಸಭೆಯ ಮತದಿಂದ ಅವರು ಬಂದವರೂ ಅಲ್ಲ, ಹೋಗತಕ್ಕವರೂ ಅಲ್ಲ. ಮತ ಬೇಡದವನಿಗೆ ಲೆಕ್ಕ ಹೇಳುವುದು ಸುಲಭ. ಪ್ರಜಾಪ್ರಭುತ್ವದ ಕಠಿನ ಪರೀಕ್ಷೆ ಇರುವುದೇ ಇಲ್ಲಿ: ಯಾರಿಂದ ಮತ ಬೇಡಬೇಕೋ ಅವರ ಮುಂದೆಯೇ, ಬೇಡುವ ಸಮಯದಲ್ಲಿಯೇ, ಲೆಕ್ಕವನ್ನೂ ಹೇಳಬೇಕು.

ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗುವ ಬಗೆ ಹೇಗೆ? ಶಾಸನದಿಂದ ಸ್ವಲ್ಪ ಸಹಾಯವಾದೀತು. ಚುನಾವಣಾ ಪ್ರಣಾಳಿಕೆಗಳ ಆಶ್ವಾಸನೆಗಳ ವಿಷಯವಾಗಿ ಮಾರ್ಗಸೂಚಿ ಮಾಡಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರ ಜುಲೈಯಲ್ಲಿ ಸೂಚಿಸಿತು. ಅದರಂತೆ ಚುನಾವಣಾ ಆಯೋಗವು 2014ರಲ್ಲಿ, ಪ್ರಣಾಳಿಕೆಯಲ್ಲಿ ಆಶ್ವಾಸನೆಯ ಔಚಿತ್ಯವನ್ನೂ ಅದಕ್ಕೆ ಬೇಕಾದ ಹಣದ ಮೂಲವನ್ನೂ ಸ್ಥೂಲವಾಗಿ ತಿಳಿಸಬೇಕೆಂಬ ನಿಯಮವನ್ನು ಮಾದರಿ ನೀತಿ ಸಂಹಿತೆಯಲ್ಲಿ ಸೇರಿಸಿತು. ನಿಯಮ ಒಳ್ಳೆಯದೇ. ಆದರೆ ಕೇಳುವವರಿಲ್ಲದಿದ್ದರೆ ಹೇಳುವವರು ಯಾರು?

ಕೇಳತಕ್ಕ ಕೆಲಸ ವಿಶೇಷವಾಗಿ ನಮ್ಮದು, ಎಂದರೆ ಓದು ಬಲ್ಲವರದು. ಅದನ್ನು ಬಿಟ್ಟು ಹಳ್ಳಿಯವನನ್ನು ಹೀಗಳೆಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಮತ ಬೇಡಿ ಬಂದ ಪ್ರತಿಯೊಬ್ಬ ಉಮೇದುವಾರನಿಗೂ ನಾಲ್ಕು ಪ್ರಶ್ನೆಗಳನ್ನು ಹಾಕೋಣ: ಇದಕ್ಕೆ ಎಷ್ಟು ಹಣ ಬೇಕು? ಅದು ಯಾರಿಂದ ಬರುವುದು? ಎಂದಿಗೆ ಆಗುವುದು? ಮೊದಲ ವರ್ಷದಲ್ಲಿ ಖಂಡಿತವಾಗಿ ಆಗತಕ್ಕದ್ದು ಎಷ್ಟು? ಈ ಪ್ರಶ್ನೆಗಳನ್ನು ಅಕ್ಕಿ ಕೊಡುತ್ತೇನೆಂದವನಿಗೂ ಹಾಕೋಣ. ನಮ್ಮ ತೆರಿಗೆಯನ್ನು ಇಳಿಸುತ್ತೇನೆಂದವನಿಗೂ ಅಷ್ಟೇ ಗಟ್ಟಿಯಾಗಿ ಹಾಕೋಣ. ಎರಡನೆಯದನ್ನು ಕೇಳುವಾಗ ನಮ್ಮ ಗಂಟಲು ಸ್ವಲ್ಪ ಕಟ್ಟಿದರೆ, ಮೊದಲನೆಯದರ ವಿಷಯದಲ್ಲಿ ಬಡವನ ಗಂಟಲು ಏಕೆ ಕಟ್ಟುತ್ತದೆಂಬುದು ನಮಗೆ ತಿಳಿದೀತು. ಐದು ವರ್ಷಗಳ ಮೇಲೆ ಆ ಉತ್ತರಗಳನ್ನು ಜ್ಞಾಪಿಸಿಕೊಂಡು ನೋಡುವುದೂ ನಮ್ಮ ಕೆಲಸವೇ. ಮೂರೇ ಎಂದು ಹೇಳಿ ಮೂರನ್ನೂ ಮಾಡಿದವನನ್ನು ಆಗ ಮೆಚ್ಚಿ ಗೆಲ್ಲಿಸದಿದ್ದರೆ, ಮುಂದಿನ ಸಲ ಅವನೂ ಹತ್ತು ಎಂದೇ ಹೇಳುವನು. ಹಾಗೆ ಹೇಳಲು ಕಲಿಸಿದವರು ನಾವೇ ಆಗುವೆವು.

ಪ್ರಾಮಾಣಿಕನಾದ ರಾಜಕಾರಣಿಗೂ ಒಂದು ಮಾತು ಹೇಳಬೇಕಾಗಿದೆ. ಸತ್ಯವನ್ನು ನುಡಿದಮಾತ್ರಕ್ಕೆ ಅವನ ಕರ್ತವ್ಯ ತೀರಲಿಲ್ಲ. ಪ್ಲೇಟೊವಿನ ನ್ಯಾಯಸ್ಥಾನಕ್ಕೆ ಇನ್ನೊಮ್ಮೆ ಹೋಗಿ ನೋಡೋಣ. ಆ ವೈದ್ಯನು ಔಷಧವನ್ನು ಕೊಟ್ಟ, ನೋವೆಲ್ಲಿದೆಯೆಂದು ಕೇಳಿದನೆ? ಎಷ್ಟು ದಿನದ ಪಥ್ಯವೆಂದು ಹೇಳಿದನೆ? ಪಕ್ಕದ ಮನೆಯ ಶ್ರೀಮಂತನಿಗೂ ಅದೇ ಪಥ್ಯವನ್ನೇ ವಿಧಿಸಿದ್ದೇನೆಂದು ತೋರಿಸಿಕೊಟ್ಟನೆ? ಇವನ್ನೆಲ್ಲ ಮಾಡಿದ ವೈದ್ಯನನ್ನು ನಮ್ಮ ಊರುಗಳ ಜನ ಕೈಬಿಟ್ಟಿಲ್ಲ. ಅಂಥವನು ಕೊಟ್ಟ ಕಷಾಯವನ್ನು ಮುಖ ಸಿಂಡರಿಸಿಕೊಂಡಾದರೂ ಕುಡಿದಿದ್ದಾರೆ, ಮಕ್ಕಳಿಗೂ ಕುಡಿಸಿದ್ದಾರೆ. ರಾಜಕೀಯದಲ್ಲಿಯೂ ಅಂಥ ವೈದ್ಯರು ಬಂದಲ್ಲಿ ಜನ ಅವರನ್ನು ಗುರುತಿಸದೆ ಬಿಡುವುದಿಲ್ಲವೆಂದು ನಂಬಲು ಚರಿತ್ರೆಯಲ್ಲಿ ಸಾಕಷ್ಟು ಆಧಾರವಿದೆ.